ಏರ್‌ಸಾಫ್ಟ್ ಗನ್ ಕೊಳ್ಳುವ ಮುನ್ನ: ಸ್ಪ್ರಿಂಗ್, ಬ್ಯಾಟರಿ, ಗ್ಯಾಸ್ – ಯಾರಿಗೆ ಯಾವುದು?

ಏರ್‌ಸಾಫ್ಟ್ ಎಂದರೆ ಅಸಲಿಯಂತೆ ಕಾಣುವ ಗನ್‌ನಿಂದ ಪ್ಲಾಸ್ಟಿಕ್ ಗುಂಡು ಹಾರಿಸಿ ಎದುರಾಳಿಗಳನ್ನು ಹೊಡೆಯುವ ಆಟ. ಒಂದೇ ಮಾದರಿಯ ಏರ್‌ಸಾಫ್ಟ್ ರೈಫಲ್ ಸ್ಪ್ರಿಂಗ್‌ನಲ್ಲಿ ಒಂದು ಬೆಲೆಗೆ, ಬ್ಯಾಟರಿಯಲ್ಲಿ ಅದರ ಹಲವು ಪಟ್ಟು ಬೆಲೆಗೆ, ಗ್ಯಾಸ್‌ನಲ್ಲಿ ಅದಕ್ಕಿಂತಲೂ ಹೆಚ್ಚಿನ ಬೆಲೆಗೆ ಸಿಗುತ್ತದೆ. ಹೊರನೋಟಕ್ಕೆ ಮೂರೂ ಹೆಚ್ಚುಕಡಿಮೆ ಒಂದೇ, ಮೂರೂ ಹಾರಿಸುವುದು 6 ಮಿ.ಮೀ. ಅಳತೆಯ ಪ್ಲಾಸ್ಟಿಕ್ ಗುಂಡನ್ನೇ. ಹೀಗಿರುವಾಗ ಹೆಚ್ಚುವರಿ ಹಣ ಎಲ್ಲಿಗೆ ಹೋಗುತ್ತದೆ, ಅದು ತಮ್ಮ ಉಪಯೋಗಕ್ಕೆ ಬರುತ್ತದೆಯೇ ಎಂಬ ಗೊಂದಲ ಹೊಸಬರಿಗೆ ಸಹಜ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವ ವೇಗದ ಅಂಕಿ ಈ ಗೊಂದಲವನ್ನು ಬಿಡಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಕೊಳ್ಳುವವರಿಗೆ ಎಲ್ಲಕ್ಕಿಂತ ಕಡಿಮೆ ನೆರವಾಗುವ ಮಾಹಿತಿ ಅದೇ.

ಗನ್‌ಗಳನ್ನು ಹೋಲಿಸುವ ಮೊದಲು ಅಳತೆಗೋಲುಗಳನ್ನು ಗೊತ್ತುಮಾಡಿಕೊಳ್ಳಬೇಕು. ಅವುಗಳಲ್ಲಿ ಮೊದಲನೆಯದು ನೀವಿರುವಲ್ಲಿನ ಕಾನೂನು ಮತ್ತು ನೀವು ಆಡಲಿರುವ ಮೈದಾನದ ಮಿತಿ. ಏರ್‌ಸಾಫ್ಟ್ ಗನ್‌ಗಳನ್ನು ಒಂದು ದೇಶ ಆಟಿಕೆಯಂತೆ ಕಂಡರೆ ಇನ್ನೊಂದು ದೇಶ ಆಯುಧದ ಸಾಲಿಗೆ ಸೇರಿಸುತ್ತದೆ. ಈ ಆಟದ ತವರಾದ ಜಪಾನಿನಲ್ಲಿ 2006ರ ಕಾನೂನು ತಿದ್ದುಪಡಿಯ ನಂತರ 6 ಮಿ.ಮೀ. ಗನ್‌ನ ಶಕ್ತಿ ಒಂದು ಜೌಲ್‌ಗಿಂತ ತುಸು ಕಡಿಮೆಯೇ ಇರಬೇಕು. ಬ್ರಿಟನ್ನಿನಲ್ಲಿ ಒಂದೇ ಸಮನೆ ಗುಂಡು ಹಾರಿಸುವ ಗನ್‌ಗಳಿಗೆ 1.3 ಜೌಲ್, ಒಮ್ಮೆಗೆ ಒಂದೇ ಗುಂಡು ಹಾರಿಸುವವಕ್ಕೆ 2.5 ಜೌಲ್ ಮಿತಿಯಿದೆ. ಅಮೆರಿಕದಲ್ಲಿ ಮಾರಾಟವಾಗುವ ಗನ್‌ಗಳ ಮೂತಿಗೆ ಕಿತ್ತಳೆ ಬಣ್ಣದ ತುದಿ ಇರುವುದನ್ನು ಅನೇಕರು ಗಮನಿಸಿರಬಹುದು. ಖಾಸಗಿ ಮೈದಾನಗಳು ಕಾನೂನಿನ ಮಿತಿಗಿಂತ ಬಿಗಿಯಾದ ಮಿತಿಯನ್ನು ಹಾಕಿಕೊಂಡಿರುವುದೂ ಉಂಟು. ಆದ್ದರಿಂದ ಗನ್ ಆರಿಸುವ ಮೊದಲೇ ಮೈದಾನವನ್ನು ಆರಿಸಿ, ಅದರ ನಿಯಮಗಳನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಮಿತಿ ಮೀರಿದ ಗನ್ ಎಷ್ಟೇ ಬೆಲೆಯದ್ದಾಗಿದ್ದರೂ ಆಟದ ದಿನ ಚೀಲದಲ್ಲೇ ಉಳಿಯುತ್ತದೆ.

ವೇಗದ ಅಂಕಿಯನ್ನು ನೆಚ್ಚಿಕೊಳ್ಳಬಾರದು ಎಂದದ್ದಕ್ಕೆ ಕಾರಣವೂ ಈ ಮಿತಿಯಲ್ಲೇ ಇದೆ. ವೇಗವನ್ನು ಎಫ್‌ಪಿಎಸ್‌ನಲ್ಲಿ, ಎಂದರೆ ಸೆಕೆಂಡಿಗೆ ಇಷ್ಟು ಅಡಿ ಎಂದು ಹೇಳುವ ರೂಢಿಯಿದ್ದರೂ ಆ ಅಂಕಿಗೆ ಗುಂಡಿನ ತೂಕವನ್ನು ಜೊತೆಗೆ ಹೇಳದ ಹೊರತು ಅರ್ಥವಿಲ್ಲ. 0.20 ಗ್ರಾಂ ಗುಂಡು 328 ಎಫ್‌ಪಿಎಸ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಒಂದು ಜೌಲ್. ಅದೇ ಒಂದು ಜೌಲ್‌ಗೆ 0.25 ಗ್ರಾಂ ಗುಂಡು ಸುಮಾರು 293 ಎಫ್‌ಪಿಎಸ್‌ನಲ್ಲೂ 0.28 ಗ್ರಾಂ ಗುಂಡು ಸುಮಾರು 277 ಎಫ್‌ಪಿಎಸ್‌ನಲ್ಲೂ ಹೊರಟರೆ ಸಾಕು. ಭಾರದ ಗುಂಡು ನಿಧಾನವಾಗಿ ಹೊರಟರೂ ಗಾಳಿಗೆ ಅಷ್ಟಾಗಿ ಅಳುಕದೆ, ದೂರ ಹೋದಂತೆ ವೇಗವನ್ನು ಕಡಿಮೆ ಕಳೆದುಕೊಂಡು, ನೇರವಾಗಿ ಸಾಗುತ್ತದೆ. ಮಾರಾಟಗಾರರು ಹಗುರ ಗುಂಡಿನಿಂದ ಅಳೆದ ದೊಡ್ಡ ಅಂಕಿಯನ್ನು ತೋರಿಸಲು ಇಷ್ಟಪಡುತ್ತಾರೆ. ಪಳಗಿದ ಆಟಗಾರರು ಜೌಲ್ ಎಷ್ಟು ಎಂದು ಕೇಳುತ್ತಾರೆ.

ಗುಂಡು ದೂರ ಹೋಗುವುದನ್ನು ನಿಜವಾಗಿ ನಿರ್ಧರಿಸುವುದು ಹಾಪ್-ಅಪ್ ಎಂಬ ಪುಟ್ಟ ವ್ಯವಸ್ಥೆ. ನಳಿಗೆಯ ಬುಡದಲ್ಲಿರುವ ಒಂದು ರಬ್ಬರ್ ತುಂಡು ಗುಂಡಿನ ಮೇಲ್ಭಾಗವನ್ನು ಸವರಿ ಅದಕ್ಕೆ ಹಿಮ್ಮುಖ ತಿರುಗುವಿಕೆ ಕೊಡುತ್ತದೆ, ಆ ತಿರುಗುವಿಕೆಯಿಂದ ಹುಟ್ಟುವ ಮ್ಯಾಗ್ನಸ್ ಪರಿಣಾಮ ಗುಂಡನ್ನು ಕೆಲಕಾಲ ಗಾಳಿಯಲ್ಲಿ ಎತ್ತಿ ಹಿಡಿಯುತ್ತದೆ. ಒಂದು ಜೌಲ್ ಆಸುಪಾಸಿನ ಎರಡು ಗನ್‌ಗಳಲ್ಲಿ ಒಂದು 50 ಮೀಟರ್‌ವರೆಗೆ ಗುರಿ ಮುಟ್ಟಿ ಇನ್ನೊಂದು 30 ಮೀಟರಿನಲ್ಲೇ ತಡಬಡಾಯಿಸಿದರೆ ಅದಕ್ಕೆ ಕಾರಣ ಹೆಚ್ಚಾಗಿ ಈ ರಬ್ಬರಿನ ಗುಣಮಟ್ಟ ಮತ್ತು ಅದು ಎಷ್ಟು ಸಮವಾಗಿ ಒತ್ತುತ್ತದೆ ಎಂಬುದು. ಯಾವ ಬಗೆಯ ಗನ್ ಕೊಂಡರೂ ಅದರಲ್ಲಿ ಹೆಚ್ಚುಕಡಿಮೆ ಮಾಡಿಕೊಳ್ಳಬಹುದಾದ ಹಾಪ್-ಅಪ್ ಇರಲೇಬೇಕು; ಇಲ್ಲದ್ದನ್ನು ಆಟಿಕೆಯೆಂದು ಬಗೆದು ಮುಂದಕ್ಕೆ ಹೋಗಬಹುದು.

ಉಳಿದ ಅಳತೆಗೋಲುಗಳು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದವು. ನೀವು ಆಡುವುದು ಕಟ್ಟಡದೊಳಗಿನ ಇಕ್ಕಟ್ಟಿನಲ್ಲೋ ಮರಗಿಡಗಳ ಬಯಲಿನಲ್ಲೋ? ವಾರವಾರವೂ ಆಡುವಿರೋ, ವರ್ಷಕ್ಕೆ ನಾಲ್ಕಾರು ಬಾರಿಯೋ? ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿ ಜೋಡಿಸುವುದರಲ್ಲಿ ನಿಮಗೆ ಖುಷಿಯಿದೆಯೋ, ಆಡಿ ಬಂದು ಒರೆಸಿಟ್ಟರೆ ಸಾಕೆನ್ನುವಿರೋ? ಇನ್ನು ಬಜೆಟ್ ಎಂದರೆ ಗನ್ನಿನ ಬೆಲೆ ಮಾತ್ರ ಎಂದು ತಿಳಿಯಬಾರದು. ಕಣ್ಣಿನ ರಕ್ಷಣೆ, ಬ್ಯಾಟರಿ ಅಥವಾ ಗ್ಯಾಸ್, ಚಾರ್ಜರ್, ಗುಂಡು ತುಂಬುವ ಹೆಚ್ಚುವರಿ ಮ್ಯಾಗಜೀನ್, ಒಳ್ಳೆಯ ಗುಂಡು ಇವೆಲ್ಲ ಸೇರಿದ ಮೊತ್ತವೇ ಬಜೆಟ್. ಕೈಯಲ್ಲಿರುವ ಹಣದಲ್ಲಿ ಅರ್ಧಕ್ಕಿಂತ ತೀರಾ ಹೆಚ್ಚನ್ನು ಗನ್ನಿಗೇ ಸುರಿಯುವ ಹೊಸಬರು ಉಳಿದುದರಲ್ಲಿ ಕೊಸರಾಡಿ, ಕೊನೆಗೆ ಒಳ್ಳೆಯ ಗನ್ನಿನಲ್ಲಿ ಕೆಟ್ಟ ಗುಂಡು ಹಾಕಿ ಆಡುವಂತಾಗುತ್ತದೆ.

ಸ್ಪ್ರಿಂಗ್ ಗನ್

ಪ್ರತಿ ಗುಂಡಿಗೂ ಕೈಯಿಂದ ಎಳೆದು ಬಾರು ಮಾಡಬೇಕಾದ ಸ್ಪ್ರಿಂಗ್ ಗನ್ ಎಲ್ಲಕ್ಕಿಂತ ಅಗ್ಗ. ಬ್ಯಾಟರಿ ಬೇಡ, ಗ್ಯಾಸ್ ಬೇಡ, ಚಳಿ ಮಳೆಗಳ ಹಂಗಿಲ್ಲ. ಮನೆಯ ಹಿತ್ತಿಲಿನಲ್ಲಿ ಗುರಿ ಹಲಗೆಗೆ ಹೊಡೆಯಲು, ಗುರಿ ಹಿಡಿಯುವ ಮತ್ತು ಗನ್ನನ್ನು ಜಾಗ್ರತೆಯಿಂದ ನಿಭಾಯಿಸುವ ರೂಢಿಯನ್ನು ಕಡಿಮೆ ಖರ್ಚಿನಲ್ಲಿ ಕಲಿಯಲು ಇದು ಸಾಕು. ಮೈದಾನದಲ್ಲಿ ಮಾತ್ರ ಎದುರಾಳಿ ಸೆಕೆಂಡಿಗೆ ಹತ್ತಾರು ಗುಂಡು ಬಿಡುವಾಗ ಸ್ಪ್ರಿಂಗ್ ಪಿಸ್ತೂಲು ಹಿಡಿದವರ ಉತ್ಸಾಹ ಅರ್ಧ ದಿನದಲ್ಲಿ ಇಳಿದುಹೋಗುತ್ತದೆ. ಇದಕ್ಕೆ ಒಂದು ಅಪವಾದವೆಂದರೆ ಪಂಪ್ ಶಾಟ್‌ಗನ್. ಒಮ್ಮೆಗೆ ಮೂರು ಗುಂಡುಗಳನ್ನು ಹಾರಿಸುವ ಈ ಬಗೆಯ ಗನ್ ಕಟ್ಟಡದೊಳಗಿನ ಆಟದಲ್ಲಿ ಈಗಲೂ ತನ್ನ ಮರ್ಯಾದೆ ಉಳಿಸಿಕೊಂಡಿದೆ, ಕೆಡುವ ಭಾಗಗಳೂ ಕಡಿಮೆ.

ಬ್ಯಾಟರಿ ಗನ್

ಆಟಗಾರರು ಎಇಜಿ ಎಂದು ಕರೆಯುವ ಬ್ಯಾಟರಿ ಗನ್‌ನಲ್ಲಿ ಮೋಟಾರು ಗೇರುಗಳನ್ನು ತಿರುಗಿಸುತ್ತದೆ, ಗೇರು ಪಿಸ್ಟನ್ನನ್ನು ಸ್ಪ್ರಿಂಗಿಗೆ ಎದುರಾಗಿ ಹಿಂದಕ್ಕೆಳೆದು ಬಿಡುತ್ತದೆ, ಪಿಸ್ಟನ್ ಮುನ್ನುಗ್ಗಿದಾಗ ಒತ್ತಿದ ಗಾಳಿ ಗುಂಡನ್ನು ತಳ್ಳುತ್ತದೆ. 1991ರಲ್ಲಿ ಜಪಾನಿನ ಟೋಕಿಯೊ ಮರುಯಿ ಕಂಪನಿ ಫ್ರಾನ್ಸಿನ ಫಾಮಾಸ್ ರೈಫಲಿನ ಮಾದರಿಯೊಂದಿಗೆ ಈ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. ಇಂದಿಗೂ ಬಹುತೇಕ ಬ್ಯಾಟರಿ ಗನ್‌ಗಳ ಒಳಾಂಗ ಆ ತತ್ತ್ವವನ್ನೇ ಅನುಸರಿಸುತ್ತದೆ. ಹಲವು ಕಂಪನಿಗಳು ಒಂದೇ ಅಳತೆಯ ಗೇರ್‌ಬಾಕ್ಸ್ ಬಳಸುವುದರಿಂದ ಬಿಡಿಭಾಗಗಳು ಹೇರಳವಾಗಿ ಸಿಗುತ್ತವೆ, ರಿಪೇರಿ ಬಲ್ಲವರೂ ಸಿಗುತ್ತಾರೆ. ಮೊದಲ ಗನ್ ಯಾವುದೆಂದು ಕೇಳಿದವರಲ್ಲಿ ಹೆಚ್ಚಿನವರಿಗೆ ಬ್ಯಾಟರಿ ಗನ್ ಎಂದೇ ನಾನು ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ.

ಆದರೆ ಬ್ಯಾಟರಿ ಗನ್ ಎಂಬ ಒಂದೇ ಹೆಸರಿನಡಿ ತೀರಾ ಬೇರೆಬೇರೆ ಮಾಲುಗಳಿವೆ. ತಳಮಟ್ಟದಲ್ಲಿರುವ, ಗೇರುಗಳೂ ಪ್ಲಾಸ್ಟಿಕ್ಕಿನವೇ ಆದ, ಕಡಿಮೆ ಶಕ್ತಿಯ ಪುಟ್ಟ ಗನ್‌ಗಳನ್ನು ಮೈದಾನಕ್ಕೆಂದು ಕೊಳ್ಳಬಾರದು. ಕೆಟ್ಟರೆ ಅವನ್ನು ದುರಸ್ತಿ ಮಾಡುವುದಕ್ಕಿಂತ ಎಸೆಯುವುದೇ ಸುಲಭ. ಅದರ ಮೇಲಿನ ಹಂತ ಹೊರಮೈ ಗಟ್ಟಿ ಪ್ಲಾಸ್ಟಿಕ್ಕಿನದೂ ಒಳಗಿನ ಗೇರ್‌ಬಾಕ್ಸ್ ಲೋಹದ್ದೂ ಆದವು. ತೈವಾನಿನ ಜಿ ಆ್ಯಂಡ್ ಜಿ ಕಂಪನಿಯ ಕಾಂಬ್ಯಾಟ್ ಮಷೀನ್ ಸರಣಿ, ಚೀನಾದ ಸೈಮಾ ಕಂಪನಿಯ ಕೆಲವು ಎಕೆ ಮಾದರಿಗಳು ಈ ಹಂತದವು, ಹೊಸಬರ ಕೈಯಲ್ಲಿ ಹೆಚ್ಚಾಗಿ ಕಾಣುವುದೂ ಇವೇ. ಇನ್ನೂ ಮೇಲಕ್ಕೆ ಹೋದರೆ ಹೊರಮೈಯೆಲ್ಲ ಲೋಹದ್ದಾಗುತ್ತದೆ, ಟ್ರಿಗರ್ ಚುರುಕಾಗುತ್ತದೆ, ಸ್ಪ್ರಿಂಗನ್ನು ಗೇರ್‌ಬಾಕ್ಸ್ ಬಿಚ್ಚದೆಯೇ ಬದಲಿಸುವ ಅನುಕೂಲ ಸಿಗುತ್ತದೆ. ಇವುಗಳಲ್ಲಿ ಕೊನೆಯದು ನಿಜಕ್ಕೂ ಬೆಲೆಬಾಳುವ ಸೌಲಭ್ಯ, ಏಕೆಂದರೆ ಒಳಾಂಗಣ ಮೈದಾನಕ್ಕೆ ಮೆದು ಸ್ಪ್ರಿಂಗ್, ಬಯಲಿಗೆ ಗಡುಸು ಸ್ಪ್ರಿಂಗ್ ಎಂದು ಒಂದೇ ಗನ್ನನ್ನು ಎರಡೂ ಕಡೆ ಬಳಸಬಹುದು. ಹೊರಮೈಯ ಲೋಹದ ಬಗ್ಗೆ ನನಗೆ ಅಷ್ಟು ಮೋಹವಿಲ್ಲ. ಕೈಗೆ ತಣ್ಣಗೆ, ಭಾರವಾಗಿ, ಅಸಲಿಯಂತೆ ಅನ್ನಿಸುವ ಸುಖ ಅದರಲ್ಲಿದೆ ನಿಜ. ಆದರೆ ಗುಂಡು ಅದರಿಂದ ಒಂದಂಗುಲವೂ ಹೆಚ್ಚು ದೂರ ಹೋಗುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ತೋಳು ಮಾತ್ರ ಸೋಲುತ್ತದೆ.

ಎಂ4 ಮತ್ತು ಎಕೆ ಮಾದರಿಗಳ ನಡುವಿನ ಆಯ್ಕೆ ಬಹುಮಟ್ಟಿಗೆ ಅಭಿರುಚಿಯದ್ದು. ಎಂ4ನ ಹಿಂಬದಿಯ ಹಿಡಿಕೆಯನ್ನು ಉದ್ದ ಗಿಡ್ಡ ಮಾಡಿಕೊಳ್ಳಬಹುದಾದ್ದರಿಂದ ಎತ್ತರ ಕಡಿಮೆ ಇರುವವರಿಗೂ ಒಗ್ಗುತ್ತದೆ, ಸ್ನೇಹಿತರ ಮ್ಯಾಗಜೀನ್‌ಗಳು ಸಾಮಾನ್ಯವಾಗಿ ಹೊಂದುತ್ತವೆ. ಎಕೆ ಗನ್‌ಗಳ ಗೇರ್‌ಬಾಕ್ಸನ್ನು ಹೊರತೆಗೆಯುವುದು ಸುಲಭವೆಂದು ಬಿಚ್ಚಿ ಜೋಡಿಸುವವರು ಮೆಚ್ಚುತ್ತಾರೆ. ಕಟ್ಟಡದೊಳಗೆ ಆಡುವವರು ಗಿಡ್ಡ ನಳಿಗೆಯದನ್ನು ನಿಶ್ಚಿಂತೆಯಿಂದ ಆರಿಸಬಹುದು. ನಳಿಗೆ ಉದ್ದವಿದ್ದಷ್ಟೂ ಗುರಿ ನಿಖರವೆಂಬ ನಂಬಿಕೆಗೆ ಏರ್‌ಸಾಫ್ಟ್‌ನಲ್ಲಿ ಅಷ್ಟು ಆಧಾರವಿಲ್ಲ, ಹಾಪ್-ಅಪ್ ಮತ್ತು ಗುಂಡಿನ ಗುಣಮಟ್ಟದ ಮುಂದೆ ಉದ್ದದ ಪಾತ್ರ ಚಿಕ್ಕದು.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಜಿಪುಣತನ ಅಪಾಯಕಾರಿ. 8.4 ಅಥವಾ 9.6 ವೋಲ್ಟಿನ ನಿಕಲ್ ಬ್ಯಾಟರಿಗಳು ದೊಡ್ಡವು, ನಿಧಾನದವು, ಆದರೆ ಒರಟು ಬಳಕೆಯನ್ನು ಸಹಿಸುತ್ತವೆ. ಲಿಪೊ, ಎಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ ಚಿಕ್ಕದು, ಟ್ರಿಗರ್ ಒತ್ತಿದ ಕ್ಷಣವೇ ಗುಂಡು ಹೊರಡುವಷ್ಟು ಚುರುಕಿನದು. ಆದರೆ ಅದರ ಒಂದೊಂದು ಕೋಶವೂ 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ, 4.2 ವೋಲ್ಟಿಗಿಂತ ಮೇಲೇರಿದರೆ ಬೆಂಕಿ ಹೊತ್ತಿಕೊಳ್ಳುವ ಭಯವಿದೆ. ಆದ್ದರಿಂದ ಕೋಶಗಳನ್ನು ಸಮತೋಲದಲ್ಲಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಇಲ್ಲದೆ ಲಿಪೊ ಕೊಳ್ಳಬೇಡಿ, ಚಾರ್ಜಿಗೆ ಹಾಕಿ ಮಲಗಬೇಡಿ, ಉಬ್ಬಿದ್ದನ್ನು ಮತ್ತೆ ಬಳಸಬೇಡಿ. ಹೊಸ ಗನ್ನಿಗೆ 7.4 ವೋಲ್ಟಿನದು ಸಾಕು. 11.1 ವೋಲ್ಟಿನದನ್ನು ಹಾಕಿದರೆ ಗುಂಡಿನ ಮಳೆಯ ವೇಗ ಹೆಚ್ಚುತ್ತದೆಯಾದರೂ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಇಲ್ಲದ ಗನ್ನಿನಲ್ಲಿ ಟ್ರಿಗರಿನ ಲೋಹದ ತುದಿಗಳು ಕಿಡಿಯಿಂದ ಸುಟ್ಟು ಕರಕಲಾಗುತ್ತವೆ, ಪಿಸ್ಟನ್ನಿನ ಹಲ್ಲುಗಳೂ ಬೇಗ ಸವೆಯುತ್ತವೆ.

ಗ್ಯಾಸ್ ಗನ್

ಗ್ಯಾಸ್ ಬ್ಲೋಬ್ಯಾಕ್ ಗನ್ ಹಾರಿದಾಗ ಅದರ ಮೇಲ್ಭಾಗ ಹಿಂದಕ್ಕೆ ಬಡಿದು ಕೈಗೆ ಒದೆತ ಕೊಡುತ್ತದೆ, ಮ್ಯಾಗಜೀನ್ ಖಾಲಿಯಾದಾಗ ಅಲ್ಲೇ ನಿಲ್ಲುತ್ತದೆ, ಬಿಚ್ಚಿ ಜೋಡಿಸುವ ಕ್ರಮವೂ ಅಸಲಿಯದ್ದನ್ನು ಹೋಲುತ್ತದೆ. ಹಾರಿಸುವ ಸುಖವೊಂದನ್ನೇ ಲೆಕ್ಕ ಹಿಡಿದರೆ ಬ್ಯಾಟರಿ ಗನ್ ಇದರ ಹತ್ತಿರವೂ ಸುಳಿಯದು. ಆ ಸುಖಕ್ಕೆ ತೆರುವ ಬೆಲೆಯಲ್ಲಿ ಗನ್ನಿನ ಬೆಲೆ ಒಂದು ಪಾಲು ಮಾತ್ರ. ಇದರ ಮ್ಯಾಗಜೀನೇ ಗ್ಯಾಸಿನ ತೊಟ್ಟಿ. ಅದಕ್ಕೆ ಕವಾಟ, ರಬ್ಬರ್ ಉಂಗುರಗಳೆಲ್ಲ ಇರುವುದರಿಂದ ಒಂದೊಂದೂ ಬ್ಯಾಟರಿ ಗನ್ನಿನ ಮ್ಯಾಗಜೀನಿನ ಹಲವು ಪಟ್ಟು ದುಬಾರಿ, ಭಾರವೂ ಹೆಚ್ಚು, ಸೋರುವ ಸಾಧ್ಯತೆಯೂ ಇದೆ. ರೈಫಲಿಗೆ ಇಂಥ ನಾಲ್ಕೈದು ಮ್ಯಾಗಜೀನ್ ಬೇಕಾಗುತ್ತವೆ ಎಂದುಕೊಂಡರೆ ಲೆಕ್ಕ ತಾನಾಗಿಯೇ ಸ್ಪಷ್ಟವಾಗುತ್ತದೆ.

ಹವೆಯ ಕಾಟ ಇನ್ನೊಂದು. ಗ್ರೀನ್ ಗ್ಯಾಸ್ ಎಂದು ಮಾರುವುದು ಬಹುಮಟ್ಟಿಗೆ ಸಿಲಿಕೋನ್ ಎಣ್ಣೆ ಬೆರೆಸಿದ ಪ್ರೊಪೇನ್. ದ್ರವವು ಅನಿಲವಾಗಿ ಹೊರಬರುವಾಗ ಮ್ಯಾಗಜೀನಿನ ಶಾಖವನ್ನು ಹೀರುವುದರಿಂದ ಬಿಡದೆ ಹಾರಿಸಿದಂತೆಲ್ಲ ಅದು ತಣ್ಣಗಾಗಿ ಒತ್ತಡ ಕುಸಿಯುತ್ತದೆ. ಚಳಿಯ ದಿನ ಈ ಗನ್‌ಗಳು ಸೊರಗುತ್ತವೆ. ಸುಡುಬಿಸಿಲಿನಲ್ಲಿ ಒತ್ತಡ ಏರಿ ಬೆಳಿಗ್ಗೆ ಮಿತಿಯೊಳಗಿದ್ದ ಗನ್ ಮಧ್ಯಾಹ್ನ ಮಿತಿ ಮೀರಬಹುದು. 12 ಗ್ರಾಂನ ಸಿಲಿಂಡರ್ ಬಳಸುವ ಸಿಒ2 ಗನ್‌ಗಳು ಚಳಿಯನ್ನು ಇದಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತವೆ, ಒದೆತವೂ ಜೋರು. ಅದರ ಒತ್ತಡ ಗ್ರೀನ್ ಗ್ಯಾಸಿಗಿಂತ ಹಲವು ಪಟ್ಟು ಹೆಚ್ಚಾದ್ದರಿಂದ ಅದಕ್ಕೆಂದೇ ಮಾಡಿದ ಗನ್ನಿನಲ್ಲಿ ಮಾತ್ರ ಬಳಸಬೇಕು, ಆಟ ಮುಗಿದ ಮೇಲೆ ಸಿಲಿಂಡರನ್ನು ಒಳಗೇ ಬಿಡಬಾರದು. ಜಪಾನಿನ ಮಾರುಕಟ್ಟೆಗೆಂದು ಪ್ಲಾಸ್ಟಿಕ್ ಮೇಲ್ಭಾಗವಿಟ್ಟು ತಯಾರಿಸಿದ ಪಿಸ್ತೂಲುಗಳು ಇನ್ನೂ ಕಡಿಮೆ ಒತ್ತಡದ ಗ್ಯಾಸಿಗೆ ಹೊಂದಿಸಿದವು. ಅವುಗಳಿಗೆ ಗ್ರೀನ್ ಗ್ಯಾಸ್ ತುಂಬಿದರೆ ಮೇಲ್ಭಾಗ ಬಿರುಕು ಬಿಡುವುದುಂಟು.

ಗ್ಯಾಸನ್ನು ಎರಡನೆಯ ಗನ್ನಾಗಿ, ಅದರಲ್ಲೂ ಪಿಸ್ತೂಲಿನ ರೂಪದಲ್ಲಿ ಕೊಳ್ಳುವುದು ಜಾಣತನ. ಬ್ಯಾಟರಿ ಪಿಸ್ತೂಲುಗಳಲ್ಲಿ ಮೋಟಾರಿಗೂ ಬ್ಯಾಟರಿಗೂ ಜಾಗ ಸಾಲದೆ ಶಕ್ತಿ ಕುಗ್ಗುವುದರಿಂದ ಪಿಸ್ತೂಲಿನ ಮಟ್ಟಿಗೆ ಗ್ಯಾಸೇ ಮೇಲು. ಟೋಕಿಯೊ ಮರುಯಿಯ ಹೈ-ಕಾಪಾಕ್ಕೆ ಸಿಗುವಷ್ಟು ಬಿಡಿಭಾಗಗಳು ಬೇರೆ ಯಾವ ಗ್ಯಾಸ್ ಪಿಸ್ತೂಲಿಗೂ ಸಿಗುವುದು ಕಷ್ಟ. ಕಟ್ಟಡದೊಳಗೆ ಮಾತ್ರ ಆಡುವವರಿಗಾದರೆ ಒಳ್ಳೆಯ ಗ್ಯಾಸ್ ಪಿಸ್ತೂಲು, ಮೂರು ಮ್ಯಾಗಜೀನು ಇದ್ದರೆ ರೈಫಲಿಲ್ಲದೆಯೂ ನಡೆಯುತ್ತದೆ.

ಹೊರಗೆ ಸಿಲಿಂಡರ್ ಹೊತ್ತು ಕೊಳವೆಯ ಮೂಲಕ ಗನ್ನಿಗೆ ಒತ್ತಡದ ಗಾಳಿ ಹಾಯಿಸುವ ಎಚ್‌ಪಿಎ ವ್ಯವಸ್ಥೆ ಹವೆಗೆ ಜಗ್ಗದು, ಗುಂಡಿನಿಂದ ಗುಂಡಿಗೆ ಶಕ್ತಿಯ ವ್ಯತ್ಯಾಸವೂ ಅತ್ಯಲ್ಪ. ಆದರೆ 3000 ಅಥವಾ 4500 ಪಿಎಸ್‌ಐ ಒತ್ತಡದ ಸಿಲಿಂಡರ್, ಒತ್ತಡ ತಗ್ಗಿಸುವ ರೆಗ್ಯುಲೇಟರ್, ಗಾಳಿ ತುಂಬಿಸುವ ಏರ್ಪಾಡು ಎಲ್ಲವೂ ಬೇರೆಬೇರೆ ಖರ್ಚು. ಮೈದಾನದಲ್ಲೇ ಗಾಳಿ ತುಂಬಿಸಿಕೊಡುವ ವ್ಯವಸ್ಥೆಯಿದ್ದು ವಾರವಾರ ಆಡುವವರನ್ನು ಬಿಟ್ಟು ಉಳಿದವರು ಇದನ್ನು ಸದ್ಯಕ್ಕೆ ಮರೆಯಬಹುದು.

ಸ್ನೈಪರಿನ ಆಸೆ

ದೂರದಿಂದ ಅಡಗಿ ಕೂತು ಒಂದೇ ಗುಂಡಿಗೆ ಗುರಿ ಹೊಡೆಯುವ ಆಸೆಯಿಂದ, ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾದ ಬೋಲ್ಟ್-ಆ್ಯಕ್ಷನ್ ರೈಫಲನ್ನೇ ಮೊದಲು ಕೊಳ್ಳುವವರು ಬಹಳ. ಅನೇಕ ಮೈದಾನಗಳು ಈ ಗನ್‌ಗಳಿಗೆ 0.20 ಗ್ರಾಂ ಗುಂಡಿನಲ್ಲಿ 500 ಎಫ್‌ಪಿಎಸ್‌ವರೆಗೆ, ಎಂದರೆ ಸುಮಾರು 2.3 ಜೌಲ್‌ವರೆಗೆ ಅವಕಾಶ ಕೊಡುತ್ತವೆ. ಆದರೆ ಆ ಶಕ್ತಿಯ ಗನ್ನಿನಿಂದ ಸುಮಾರು 30 ಮೀಟರಿಗಿಂತ ಹತ್ತಿರದವರಿಗೆ ಹೊಡೆಯುವಂತಿಲ್ಲ. ಹತ್ತಿರ ಬಂದವರಿಗಾಗಿ ಪಿಸ್ತೂಲು ಬೇರೆ ಇರಬೇಕು. ಅಗ್ಗದ ಸ್ನೈಪರ್ ರೈಫಲ್ ಇದ್ದಂತೆಯೇ ಬಳಸಿದರೆ ಮಧ್ಯಮ ಬೆಲೆಯ ಬ್ಯಾಟರಿ ಗನ್ನಿಗಿಂತ ಹೆಚ್ಚು ದೂರ ಹೋಗುವುದಿಲ್ಲ, ಗುಂಡು ಮಾತ್ರ ಒಂದೊಂದೇ ಹೊರಡುತ್ತದೆ. ಅದನ್ನು ಹೆಸರಿಗೆ ತಕ್ಕ ಹಾಗೆ ಮಾಡಲು ಹಾಪ್-ಅಪ್, ನಳಿಗೆ, ಪಿಸ್ಟನ್, ಟ್ರಿಗರ್ ಭಾಗಗಳನ್ನು ಬದಲಿಸಿ 0.40 ಗ್ರಾಂ ಮತ್ತು ಅದಕ್ಕೂ ಮೇಲಿನ ದುಬಾರಿ ಗುಂಡುಗಳನ್ನು ಹಾಕಬೇಕಾಗುತ್ತದೆ, ಆ ಖರ್ಚು ರೈಫಲಿನ ಮೂಲ ಬೆಲೆಯನ್ನು ಸುಲಭವಾಗಿ ದಾಟುತ್ತದೆ. ತಾಳ್ಮೆಯೂ ಹಣವೂ ಇದ್ದು, ಒಂದು ಋತುವಾದರೂ ಬ್ಯಾಟರಿ ಗನ್ನಿನಲ್ಲಿ ಆಡಿ ಮೈದಾನದ ನಡೆ ತಿಳಿದ ಮೇಲೂ ಆಸೆ ಉಳಿದಿದ್ದರೆ ಬಿಡಿಭಾಗ ಹೇರಳವಾಗಿ ಸಿಗುವ ವಿಎಸ್ಆರ್-10 ಮಾದರಿಯನ್ನು ಆಧಾರವಾಗಿಟ್ಟುಕೊಳ್ಳುವುದು ಒಳ್ಳೆಯದು.

ಹಣವನ್ನು ಹಂಚುವುದು

ಬಜೆಟ್ ತೀರಾ ಬಿಗಿಯಾಗಿದ್ದರೆ ಅಗ್ಗದ ಗನ್ನನ್ನು ಕೊಳ್ಳುವುದಕ್ಕಿಂತ ಮೈದಾನದಲ್ಲಿ ಬಾಡಿಗೆಗೆ ಪಡೆದು ಆಡುವುದು ಲಾಭ. ಉಳಿದ ಹಣದಲ್ಲಿ ಕಣ್ಣಿನ ರಕ್ಷಣೆಯೊಂದನ್ನು ಸ್ವಂತಕ್ಕೆ ಮಾಡಿಕೊಳ್ಳಬೇಕು. ಅದರಲ್ಲಿ ರಾಜಿಗೆ ಎಡೆಯಿಲ್ಲ. ಮಾಮೂಲಿ ಕನ್ನಡಕವೋ ತಂಪು ಕನ್ನಡಕವೋ ಗುಂಡನ್ನು ತಡೆಯುತ್ತದೆಂದು ನಂಬಬಾರದು, ಎಎನ್‌ಎಸ್‌ಐ ಝಡ್87.1 ಅಥವಾ ಇಎನ್ 166 ಮಾನದಂಡದಲ್ಲಿ ಹೆಚ್ಚಿನ ಪೆಟ್ಟು ತಡೆಯುತ್ತದೆಂಬ ಗುರುತಿರುವ, ಮುಖಕ್ಕೆ ಸುತ್ತಲೂ ಅಂಟಿ ಕೂರುವ ಕನ್ನಡಕವೇ ಬೇಕು. ಜಾಲರಿಯ ಕನ್ನಡಕಕ್ಕೆ ಆವಿ ಕಟ್ಟುವುದಿಲ್ಲವೆಂಬ ಅನುಕೂಲವಿದ್ದರೂ ಕಳಪೆ ಗುಂಡು ಒಡೆದಾಗ ಅದರ ಚೂರುಗಳು ಕಿಂಡಿಯಿಂದ ನುಸುಳಬಹುದಾದ್ದರಿಂದ ನಾನು ಅದನ್ನು ಕೊಳ್ಳಿ ಎಂದು ಹೇಳುವುದಿಲ್ಲ. ಹಲ್ಲಿಗೆ ಬಿದ್ದ ಗುಂಡು ಹಲ್ಲನ್ನು ಮುರಿಯಬಲ್ಲದು, ಹಾಗಾಗಿ ಬಾಯಿ ಮುಚ್ಚುವ ಮುಖವಾಡವೂ ಇರಲಿ.

ಮಧ್ಯಮ ಬಜೆಟ್ಟಿನವರಿಗೆ ನನ್ನ ಸಲಹೆ ಸರಳ: ಪ್ಲಾಸ್ಟಿಕ್ ಹೊರಮೈ, ಲೋಹದ ಗೇರ್‌ಬಾಕ್ಸ್ ಇರುವ ಬ್ಯಾಟರಿ ಗನ್, 7.4 ವೋಲ್ಟಿನ ಎರಡು ಬ್ಯಾಟರಿ, ಬ್ಯಾಲೆನ್ಸ್ ಚಾರ್ಜರ್, ನೂರರ ಆಸುಪಾಸು ಗುಂಡು ಹಿಡಿಯುವ ಮೂರ್ನಾಲ್ಕು ಮಿಡ್-ಕ್ಯಾಪ್ ಮ್ಯಾಗಜೀನ್. ಗನ್ನಿನ ಜೊತೆ ಬರುವ, ಚಕ್ರ ತಿರುಗಿಸಿ ಕೀಲಿ ಕೊಡಬೇಕಾದ ಹೈ-ಕ್ಯಾಪ್ ಮ್ಯಾಗಜೀನ್ ಮುನ್ನೂರರಷ್ಟು ಗುಂಡು ಹಿಡಿದರೂ ಓಡುವಾಗ ಗಿಲಕಿಯಂತೆ ಸದ್ದು ಮಾಡಿ ಅಡಗಿದವರನ್ನು ಬಯಲಿಗೆಳೆಯುತ್ತದೆ. ಗುಂಡು 0.25 ಅಥವಾ 0.28 ಗ್ರಾಂನದ್ದು, ಅಂಚುಗೆರೆಯಿಲ್ಲದೆ ನಯವಾಗಿ ಹೊಳಪಿಸಿದ್ದು ಇರಲಿ. ನೆಲದಿಂದ ಹೆಕ್ಕಿದ್ದನ್ನು ಮತ್ತೆ ತುಂಬಬೇಡಿ, ಅಂಟಿದ ಮಣ್ಣಿನ ಕಣ ನಳಿಗೆಯನ್ನೂ ರಬ್ಬರನ್ನೂ ಹಾಳುಮಾಡುತ್ತದೆ. ಬಯಲಿನಲ್ಲಿ ಆಡುವವರು ಮಣ್ಣಿನಲ್ಲಿ ಕರಗುವ ಬಯೊ ಗುಂಡನ್ನು ಕೊಳ್ಳಬೇಕೆಂದು ಹಲವು ಮೈದಾನಗಳು ಕಡ್ಡಾಯ ಮಾಡುತ್ತವೆ, ತೇವ ತಾಗದಂತೆ ಅವನ್ನು ಮುಚ್ಚಿಡಬೇಕು.

ಹಣ ಧಾರಾಳವಾಗಿದ್ದವರಿಗೂ ಒಮ್ಮೆಲೇ ಎಲ್ಲವನ್ನೂ ಕೊಳ್ಳಿ ಎನ್ನಲಾರೆ. ಮೊದಲು ಇದೇ ಮಧ್ಯಮ ಗನ್ನನ್ನು ಕೊಂಡು, ಆಡುತ್ತಾ ಹೋದಂತೆ ನಿಮ್ಮ ಮೆಚ್ಚಿಕೆ ಒಳಾಂಗಣದ ಚುರುಕಿನ ಆಟವೋ ಬಯಲಿನ ನಿಧಾನದ ಆಟವೋ ಎಂಬುದು ಗೊತ್ತಾದ ಮೇಲೆ ಗ್ಯಾಸ್ ರೈಫಲಿಗೋ ಎಚ್‌ಪಿಎಗೋ ಕೈಹಾಕಿದರೆ ಹಳೆಯದು ಬದಲಿ ಗನ್ನಾಗಿ ಉಳಿಯುತ್ತದೆ. ಆಟದ ದಿನ ಮುಖ್ಯ ಗನ್ ಕೈಕೊಟ್ಟಾಗ ಅದರ ಬೆಲೆ ತಿಳಿಯುತ್ತದೆ.

ಬಳಸಿದ ಗನ್ನು ಕಡಿಮೆ ಬೆಲೆಗೆ ಸಿಗುವುದಾದರೆ ಪರಿಶೀಲಿಸಿ ಕೊಳ್ಳಬಹುದು. ಒಳಗೆ ಎಲ್ಲವನ್ನೂ ಬದಲಿಸಿ ಬಲಪಡಿಸಿದ್ದೇವೆ ಎಂಬ ಮಾತು ಮಾರುವವರ ಮಟ್ಟಿಗೆ ಹೊಗಳಿಕೆಯಾದರೆ ಕೊಳ್ಳುವವರಿಗೆ ಎಚ್ಚರಿಕೆ, ಏಕೆಂದರೆ ಯಾರು, ಎಷ್ಟು ಅಚ್ಚುಕಟ್ಟಾಗಿ ಬದಲಿಸಿದರೆಂದು ಹೊರಗಿನಿಂದ ಕಾಣುವುದಿಲ್ಲ. ಕಾರ್ಖಾನೆಯಿಂದ ಬಂದಂತೆಯೇ ಇರುವುದು ಲೇಸು. ಎದುರಿಗೇ, ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಮೇಲೆ ಹತ್ತು ಗುಂಡು ಹಾರಿಸಲು ಹೇಳಿ. ವೇಗ ಗುಂಡಿನಿಂದ ಗುಂಡಿಗೆ ಹತ್ತು ಹದಿನೈದು ಎಫ್‌ಪಿಎಸ್‌ಗಿಂತ ಹೆಚ್ಚು ಏರಿಳಿದರೆ ಗಾಳಿ ಎಲ್ಲೋ ಸೋರುತ್ತಿದೆ ಎಂದರ್ಥ. ಗೇರ್‌ಬಾಕ್ಸಿನಿಂದ ಕರ್ಕಶವಾದ ಕೀರಲು ಸದ್ದು ಬಂದರೆ ಗೇರುಗಳ ಅಂತರ ಸರಿಯಿಲ್ಲವೆಂದು ತಿಳಿದು ಬೆಲೆಯನ್ನು ಇಳಿಸಿ ಕೇಳಿ, ಇಲ್ಲವೇ ಬಿಟ್ಟುಬಿಡಿ. ಗನ್ ಮನೆಗೆ ತಂದ ಮೇಲೆ ಏನನ್ನಾದರೂ ಬದಲಿಸಲೇಬೇಕೆನ್ನಿಸಿದರೆ ಗೇರ್‌ಬಾಕ್ಸಿನ ತಂಟೆಗೆ ಹೋಗದೆ ಹಾಪ್-ಅಪ್ ರಬ್ಬರಿನಿಂದ ಶುರುಮಾಡಿ. ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ವ್ಯತ್ಯಾಸ ಕಾಣುವುದು ಅಲ್ಲಿ. ಸಾಗಿಸುವಾಗ ಮ್ಯಾಗಜೀನನ್ನೂ ಬ್ಯಾಟರಿಯನ್ನೂ ಬೇರ್ಪಡಿಸಿ, ಮುಚ್ಚಿದ ಚೀಲದಲ್ಲೇ ಒಯ್ಯಿರಿ, ಏಕೆಂದರೆ ರಸ್ತೆಯಲ್ಲಿ ಕಂಡವರಿಗೂ ಪೊಲೀಸರಿಗೂ ಅದು ಅಸಲಿ ಬಂದೂಕಿನಂತೆಯೇ ಕಾಣುತ್ತದೆ.